ಮನೆಯಲ್ಲುಳಿದ ಮಗುವಿನ ಹೊಣೆ ಯಾರದು?

ಮಗುವೊಂದು ಆಸ್ಪತ್ರೆ ಸೇರಿದಾಗ ಅದರ ಮನೆಯವರಿಗೆ ಆಸರೆಯಾಗುವುದು ಆಸ್ಪತ್ರೆಯ ಹೊಣೆಯೇ ಎಂದು ಕೇಳಿದರೆ ನಮ್ಮಲ್ಲಿ ಉತ್ತರ ಸಿದ್ಧವಾಗಿರುತ್ತದೆ. ಅದು ಪಶ್ಚಿಮದವರ ಸಮಸ್ಯೆ, ಗಂಡ ಹೆಂಡತಿ ಇಬ್ಬರೇ ಇರುವ ಮನೆಗಳ ಸಮಸ್ಯೆ. ನಮ್ಮಲ್ಲಿ ಅಜ್ಜಿ ಇದ್ದಾರೆ, ಚಿಕ್ಕಮ್ಮ ಇದ್ದಾರೆ, ಕಷ್ಟ ಬಂದರೆ ಓಣಿಗೆ ಓಣಿಯೇ ನಿಲ್ಲುತ್ತದೆ. ತಾಯಿಯನ್ನು ವಾರ್ಡಿನಿಂದ ಹೊರಗಿಟ್ಟು ಮಗುವನ್ನು ಅಳಿಸಿದ ಇತಿಹಾಸ ಅವರದು, ನಮ್ಮದಲ್ಲ. ಈ ಮಾತನ್ನು ಮಕ್ಕಳ ತಜ್ಞರು ಹೇಳುವುದನ್ನು ಕೇಳಿದ್ದೇನೆ, ಆರೋಗ್ಯ ಇಲಾಖೆಯವರು ಹೇಳುವುದನ್ನು ಕೇಳಿದ್ದೇನೆ, ವಾರಗಟ್ಟಲೆ ವಾರ್ಡಿನಲ್ಲಿ ಕಳೆದ ತಂದೆತಾಯಿಗಳ ಬಾಯಲ್ಲೂ ಕೇಳಿದ್ದೇನೆ. ಇದು ಪೂರ್ತಿ ಸುಳ್ಳಲ್ಲ. ನಮ್ಮ ಕುಟುಂಬಗಳಿಗೆ ಆ ಶಕ್ತಿ ಇದೆ, ಅದರ ಬಗ್ಗೆ ನನಗೆ ಗೌರವವಿದೆ. ನನ್ನ ತಕರಾರಿರುವುದು ಆಸ್ಪತ್ರೆಗಳೂ ಸರ್ಕಾರವೂ ಆ ಶಕ್ತಿಯನ್ನು ನೆಚ್ಚಿಕೊಂಡು ಕೈಕಟ್ಟಿ ಕುಳಿತಿರುವುದರ ಬಗ್ಗೆ.

ನಮ್ಮ ಆಸ್ಪತ್ರೆಗಳಲ್ಲಿ ಕುಟುಂಬ ಕಾಣುತ್ತದೆ, ಕುಟುಂಬಕ್ಕೆ ಸಿಗುವ ಆಸರೆ ಕಾಣುವುದಿಲ್ಲ. ತಾಯಿ ಹಾಸಿಗೆಯ ಪಕ್ಕದಲ್ಲಿ ಇದ್ದಾಳೆ ಎಂಬುದನ್ನೇ ಆಸರೆ ಎಂದು ಲೆಕ್ಕ ಹಿಡಿಯುವುದರಿಂದ, ಅವಳು ಅಲ್ಲಿರಬೇಕಾದರೆ ಮನೆಯ ಉಳಿದವರು ಏನು ತೆರುತ್ತಿದ್ದಾರೆ ಎಂಬ ಪ್ರಶ್ನೆ ಏಳುವುದೇ ಇಲ್ಲ. ಹೆಚ್ಚು ತೆರುವುದು, ಅದೂ ಸದ್ದಿಲ್ಲದೆ ತೆರುವುದು, ಮನೆಯಲ್ಲುಳಿದ ಇನ್ನೊಂದು ಮಗು: ಅಕ್ಕ, ಅಣ್ಣ, ತಂಗಿ ಅಥವಾ ತಮ್ಮ. ಒಂದು ಆಸ್ಪತ್ರೆ ಕುಟುಂಬದ ಬಗ್ಗೆ ಎಷ್ಟು ಕಾಳಜಿ ವಹಿಸುತ್ತದೆ ಎಂಬುದನ್ನು ಈ ಮಗುವಿನ ಸ್ಥಿತಿಗತಿಯಿಂದ ಅಳೆಯಬೇಕು ಎಂಬುದು ನನ್ನ ವಾದ.

ಪಶ್ಚಿಮದ ಕಥೆ ಎಲ್ಲರಿಗೂ ಗೊತ್ತಿರುವುದೇ. ಎರಡನೇ ಮಹಾಯುದ್ಧದ ನಂತರವೂ ಇಂಗ್ಲೆಂಡಿನ ಮಕ್ಕಳ ವಾರ್ಡುಗಳಲ್ಲಿ ತಂದೆತಾಯಿಗಳಿಗೆ ವಾರಕ್ಕೆ ಕೆಲವೇ ಗಂಟೆಗಳ ಭೇಟಿ. ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ, ತಾಯಿ ಮಗುವಿನ ಬಂಧವನ್ನು ಅಧ್ಯಯನ ಮಾಡಿದ ಮನೋವೈದ್ಯ ಜಾನ್ ಬೌಲ್ಬಿಯ ಜೊತೆ ಕೆಲಸ ಮಾಡುತ್ತಿದ್ದ ಜೇಮ್ಸ್ ರಾಬರ್ಟ್‌ಸನ್, ಹರ್ನಿಯಾ ಶಸ್ತ್ರಚಿಕಿತ್ಸೆಗೆಂದು ಎಂಟು ದಿನ ಆಸ್ಪತ್ರೆಯಲ್ಲಿದ್ದ ಲಾರಾ ಎಂಬ ಎರಡೂವರೆ ವರ್ಷದ ಹುಡುಗಿಯನ್ನು ಚಿತ್ರೀಕರಿಸಿದ. 1952ರಲ್ಲಿ ಅದನ್ನು ವೈದ್ಯರ ಸಭೆಗೆ ತೋರಿಸಿದಾಗ, ಮಕ್ಕಳ ವೈದ್ಯಕೀಯಕ್ಕೆ ಕಳಂಕ ತರುವ ಚಿತ್ರವೆಂದು ಹಲವರು ಸಿಡಿದೆದ್ದರು. ಆಸ್ಪತ್ರೆ ಸೇರಿದ ಮಕ್ಕಳ ಕ್ಷೇಮದ ಬಗ್ಗೆ ಬಂದ 1959ರ ಸರ್ಕಾರಿ ಪ್ಲಾಟ್ ವರದಿ ರಾಬರ್ಟ್‌ಸನ್‌ನ ಪರ ನಿಂತಿತು: ಭೇಟಿಗೆ ನಿರ್ಬಂಧ ಬೇಡ, ಎಳೆಯ ಮಕ್ಕಳ ಜೊತೆ ತಾಯಿಯೂ ಉಳಿಯಲಿ. 1961ರಲ್ಲಿ ತಾಯಂದಿರೇ ಸಂಘ ಕಟ್ಟಿಕೊಂಡು ಆ ಶಿಫಾರಸು ಜಾರಿಯಾಗುವಂತೆ ಆಸ್ಪತ್ರೆಗಳ ಬೆನ್ನು ಹತ್ತಿದರು.

ನಾವು ಈ ಕಥೆಯಿಂದ ಒಂದೇ ಪಾಠ ತೆಗೆದುಕೊಂಡಿದ್ದೇವೆ: ತಾಯಿಯನ್ನು ಒಳಗೆ ಬಿಡಬೇಕು. ನಾವು ಮೊದಲಿನಿಂದಲೂ ಬಿಟ್ಟಿದ್ದೇವೆ, ಹಾಗಾಗಿ ನಮಗೆ ಈ ಪಾಠ ಬೇಕಿಲ್ಲ ಎಂದುಕೊಂಡಿದ್ದೇವೆ. ಆದರೆ ಆ ಚಿತ್ರದ ಜೀವಾಳ ಬೇರೆ ಇದೆ. ಲಾರಾ ಹೆಚ್ಚು ಅಳುವ ಹುಡುಗಿಯಲ್ಲ. ವಯಸ್ಸಿಗೆ ಮೀರಿದ ಸಂಯಮ ಅವಳದು. ಆಗಿನ ಸಿಸ್ಟರ್‌ಗಳು, ಡಾಕ್ಟರುಗಳು ಇಂಥ ಮಕ್ಕಳನ್ನು ನೋಡಿ 'ಎರಡು ದಿನ ಅತ್ತಿತು, ಈಗ ಹೊಂದಿಕೊಂಡಿದೆ' ಎಂದು ನೆಮ್ಮದಿಪಡುತ್ತಿದ್ದರು. ರಾಬರ್ಟ್‌ಸನ್ ತೋರಿಸಿದ್ದು ಆ ಹೊಂದಾಣಿಕೆಯ ಒಳಗನ್ನು. ಮೊದಲು ಪ್ರತಿಭಟನೆ, ಆಮೇಲೆ ಹತಾಶೆ, ಕೊನೆಗೆ ತಾಯಿ ಬಂದರೂ ಮುಖ ತಿರುಗಿಸುವ ನಿರ್ಲಿಪ್ತತೆ. ಮಗು ಸುಮ್ಮನಿದೆ ಎಂದರೆ ಸುಖವಾಗಿದೆ ಎಂದಲ್ಲ. ಇದೇ ಆ ಚಿತ್ರದ ದೊಡ್ಡ ಪಾಠ, ಮತ್ತು ಇದು ವಾರ್ಡಿಗೆ ಮಾತ್ರ ಸೀಮಿತವಲ್ಲ. ತಾಯಿ ಒಂದು ಮಗುವಿನ ಜೊತೆ ವಾರ್ಡಿನಲ್ಲಿ ಉಳಿದ ಗಳಿಗೆಯಿಂದಲೇ ಮನೆಯಲ್ಲಿರುವ ಇನ್ನೊಂದು ಮಗು ಲಾರಾಳ ಜಾಗಕ್ಕೆ ಬಂದಿರುತ್ತದೆ. ಅದನ್ನು ಯಾರೂ ಚಿತ್ರೀಕರಿಸಲಿಲ್ಲ. ಪಶ್ಚಿಮದವರೂ ಬಹಳ ಕಾಲ ಅದರ ಕಡೆ ನೋಡಲಿಲ್ಲ, ನಾವು ಈಗಲೂ ನೋಡುತ್ತಿಲ್ಲ.

ಮೊದಲು ನಮ್ಮ ವಾರ್ಡಿನ ತಾಯಿಯನ್ನೇ ನೋಡೋಣ. ಸರ್ಕಾರಿ ಮಕ್ಕಳ ವಾರ್ಡೊಂದರಲ್ಲಿ ಅವಳ ದಿನಚರಿ ಹೀಗಿರುತ್ತದೆ. ಬೆಳಿಗ್ಗೆ ರೌಂಡ್ಸ್‌ಗೆ ಮುಂಚೆ ಚಾಪೆ ಸುತ್ತಿ ಮಂಚದ ಕೆಳಗೆ ತಳ್ಳಬೇಕು. ರಕ್ತದ ಸ್ಯಾಂಪಲ್ ಲ್ಯಾಬಿಗೆ ಒಯ್ಯಬೇಕು, ಮಧ್ಯಾಹ್ನ ರಿಪೋರ್ಟಿಗಾಗಿ ಅಲ್ಲೇ ಸಾಲಿನಲ್ಲಿ ನಿಲ್ಲಬೇಕು. ಹೊರಗೆ ತರಬೇಕಾದ ಔಷಧಿಯ ಚೀಟಿ ಕೈಗೆ ಬಂದರೆ ಪಾಸು ಹಿಡಿದು ಗೇಟಿನವರೆಗೆ ಓಡಿ ಗಂಡನಿಗೆ ಕೊಡಬೇಕು. ಓಡುವಾಗ ಮಗುವನ್ನು ಪಕ್ಕದ ಹಾಸಿಗೆಯ ತಾಯಿಗೆ ಒಪ್ಪಿಸಬೇಕು. ಡ್ರಿಪ್ ಮುಗಿಯುವುದನ್ನು ಅವಳೇ ಗಮನಿಸಿ 'ಸಿಸ್ಟರ್, ಬಾಟ್ಲಿ ಮುಗಿಯಾಕ ಬಂದೈತ್ರಿ' ಎಂದು ಕೂಗಬೇಕು. ಮಗು ಎಷ್ಟು ಸಲ ಭೇದಿ ಮಾಡಿತು, ಎಷ್ಟು ಮೂತ್ರ ಹೋಯಿತು ಎಂಬ ಲೆಕ್ಕ ಇಡಬೇಕು. ಊಟ ಮಗುವಿಗೆ ಬರುತ್ತದೆ. ಅವಳ ಊಟ ಅವಳ ಪಾಡು. ರಾತ್ರಿ ಮಂಚದ ಪಕ್ಕದ ನೆಲವೇ ಹಾಸಿಗೆ. ಗಂಡನನ್ನು ಒಳಗೆ ಬಿಡುವುದಿಲ್ಲ, ಅವನು ಆವರಣದ ಮರದಡಿಯಲ್ಲೋ ಹೊರರೋಗಿ ವಿಭಾಗದ ಜಗಲಿಯಲ್ಲೋ ಮಲಗುತ್ತಾನೆ.

ಇದನ್ನು ಬರೆದದ್ದು ಸಿಸ್ಟರ್‌ಗಳನ್ನು ದೂರುವುದಕ್ಕಲ್ಲ. ಒಬ್ಬ ಸಿಸ್ಟರ್ ಹತ್ತಾರು ಮಕ್ಕಳನ್ನು ನೋಡಿಕೊಳ್ಳುವ ಕಡೆ ತಾಯಂದಿರು ಇಲ್ಲದಿದ್ದರೆ ವಾರ್ಡು ಒಂದು ದಿನವೂ ನಡೆಯದು. ಅದೇ ನನ್ನ ಮಾತು. ತಾಯಿಯನ್ನು ನಾವು ಒಳಗೆ ಬಿಟ್ಟದ್ದು ಬೌಲ್ಬಿಯನ್ನು ಓದಿ ಅಲ್ಲ. ಅವಳ ದುಡಿಮೆ ಇಲ್ಲದೆ ನಮ್ಮ ವ್ಯವಸ್ಥೆ ನಿಲ್ಲುವುದಿಲ್ಲ ಎಂಬ ಕಾರಣಕ್ಕೆ. ಮಗುವಿಗೆ ಅವಳ ಸಾಮೀಪ್ಯ ಸಿಕ್ಕಿದ್ದು ನಿಜವಾದ ಲಾಭ. ಆದರೆ ಸಂಬಳವಿಲ್ಲದ ದುಡಿಮೆಯನ್ನು ಸಂಸ್ಕೃತಿಯ ಹಿರಿಮೆ ಎಂದು ಹೊಗಳಿದರೆ ಆ ಹೊಗಳಿಕೆಯಿಂದ ಅವಳಿಗೆ ಒಂದು ಮಂಚವೂ ಸಿಗುವುದಿಲ್ಲ, ಒಂದು ತಟ್ಟೆ ಊಟವೂ ಸಿಗುವುದಿಲ್ಲ.

ಕುಟುಂಬವನ್ನು ಯೋಚಿಸಿ ಒಳಗೊಳ್ಳುವುದು ಭಾರತಕ್ಕೆ ಗೊತ್ತಿಲ್ಲದ ವಿದ್ಯೆಯೇನೂ ಅಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರಿಗೆ ಆವರಣದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡರು, ಅವರೊಂದಿಗೆ ದಿನವೂ ಮಾತಾಡಿದರು, ಕಾಯಿಲೆಯನ್ನು ವಿವರಿಸಿದರು. ವೆಲ್ಲೂರಿನ ಸಿಎಂಸಿ, ಬೆಂಗಳೂರಿನ ನಿಮ್ಹಾನ್ಸ್ ಆ ದಾರಿಯನ್ನು ಕುಟುಂಬ ವಾರ್ಡುಗಳಾಗಿ ಬೆಳೆಸಿದವು. ಅಲ್ಲಿ ಮನೆಯವರು ಚಿಕಿತ್ಸೆಯ ಪಾಲುದಾರರು. ಅವರ ಭಯ, ದಣಿವು, ಜಗಳಗಳೂ ವೈದ್ಯರ ಗಮನಕ್ಕೆ ಬರುವ ವಿಷಯಗಳು. ಮಾನಸಿಕ ಆರೋಗ್ಯ ಕ್ಷೇತ್ರ ಎಪ್ಪತ್ತು ವರ್ಷದ ಹಿಂದೆ ಕಲಿತದ್ದನ್ನು ಮಕ್ಕಳ ಆಸ್ಪತ್ರೆಗಳು ಕಲಿಯಲಿಲ್ಲ ಎನ್ನುವುದು ನನ್ನ ಮೊದಲ ಆಕ್ಷೇಪ.

ಎರಡನೆಯ ಆಕ್ಷೇಪ ನಮ್ಮ ನಿಯಮಗಳ ಗಣಿತದ್ದು. ಆ ಗಣಿತದಲ್ಲಿ ಕುಟುಂಬ ಎಂದರೆ ಒಬ್ಬ ರೋಗಿ, ಜೊತೆಗೊಬ್ಬರು. ವಾರ್ಡಿನ ಪಾಸು ಒಬ್ಬರಿಗೆ. ಕ್ಯಾನ್ಸರ್ ರೋಗಿಗೆ ರೈಲ್ವೆ ಕೊಡುವ ರಿಯಾಯಿತಿ ರೋಗಿಗೆ ಮತ್ತು ಜೊತೆಗೆ ಹೋಗುವ ಒಬ್ಬರಿಗೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಅದರಿಂದ ಎಷ್ಟೋ ಮಕ್ಕಳು ಬದುಕಿದ್ದಾರೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಹಣ ಹೋಗುವುದು ಚಿಕಿತ್ಸೆಯ ಪ್ಯಾಕೇಜಿಗೆ. ತಂದೆಯ ಕೂಲಿ ಹೋದದ್ದು, ಊರಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಬಂದ ಸೋದರತ್ತೆಯ ಖರ್ಚು, ಬಸ್ಸಿನ ಓಡಾಟ, ಇವಕ್ಕೆಲ್ಲ ಅಲ್ಲಿ ಕಾಲಂ ಇಲ್ಲ. ಒಬ್ಬ ರೋಗಿಗೆ ಒಬ್ಬರು ಜೊತೆ ಎಂಬ ಲೆಕ್ಕ ನಾಲ್ಕು ದಿನದ ಜ್ವರಕ್ಕೆ ಸಾಕು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಾದ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾಗೆ ಎರಡರಿಂದ ಮೂರು ವರ್ಷ ಚಿಕಿತ್ಸೆ ನಡೆಯುತ್ತದೆ. ಮೊದಲ ತಿಂಗಳುಗಳಲ್ಲಂತೂ ಆಸ್ಪತ್ರೆ ಬಿಟ್ಟು ದೂರ ಹೋಗುವಂತಿಲ್ಲ. ರಾಯಚೂರಿನಿಂದಲೋ ಬೀದರಿನಿಂದಲೋ ಬೆಂಗಳೂರಿಗೆ ಬಂದ ಮನೆಗೆ ಆ ಲೆಕ್ಕ ಯಾವ ಮೂಲೆಗೂ ಸಾಲದು.

ಹಾಗೆ ಬಂದು ವಾರ್ಡಿನಲ್ಲಿದ್ದ ತಾಯಿಯೊಬ್ಬರು ಸಂಜೆ ಊರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ್ದರು. ಆ ಕಡೆ ಮಗಳು. 'ಅವ್ವಾ, ಯಾವಾಗ ಬರ್ತಿ?' 'ತಮ್ಮಗ ಆರಾಮಾದ ಕೂಡ್ಲೇ ಬರ್ತೀನಿ ನನ್ನವ್ವ.' 'ಹೋದ ಸಲಾನೂ ಹಂಗ ಅಂದಿದ್ದಿ.' ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹುಡುಗಿಯೇ, 'ಇರ್ಲಿ ಬಿಡು, ನಾ ರೊಟ್ಟಿ ಮಾಡಾಕ ಕಲ್ತೀನಿ' ಎಂದಳು. ಫೋನ್ ಇಟ್ಟ ಮೇಲೆ ತಾಯಿ ಸುತ್ತಲಿನವರಿಗೆ ಹೇಳಿದ್ದು: 'ಭಾಳ ಶ್ಯಾಣ್ಯಾ ಅದಾಳ್ರಿ, ಎಲ್ಲಾ ತಿಳ್ಕೊತಾಳ.' ಎಲ್ಲರೂ ತಲೆದೂಗಿದರು. ಆ ತಾಯಿಯ ಹೆಮ್ಮೆಯನ್ನು ಪ್ರಶ್ನಿಸುವ ಅಧಿಕಾರ ನನಗಿಲ್ಲ. ಆದರೆ ಆ ಹುಡುಗಿ ಶಾಲೆಗೆ ಹೋಗುತ್ತಿದ್ದಾಳೆಯೇ, ರಾತ್ರಿ ಯಾರ ಪಕ್ಕ ಮಲಗುತ್ತಾಳೆ, ತಮ್ಮನಿಗೆ ಏನಾಗಿದೆ ಎಂದು ಅವಳಿಗೆ ಯಾರು ಏನು ಹೇಳಿದ್ದಾರೆ ಎಂದು ಆ ಆಸ್ಪತ್ರೆಯಲ್ಲಿ ಕೇಳುವವರು ಯಾರಿದ್ದರು?

ಅಜ್ಜಿ ಇದ್ದಾರಲ್ಲ ಎನ್ನುವವರಿಗೆ ನನ್ನ ಉತ್ತರವಿದು. ಬಹಳ ಮನೆಗಳಲ್ಲಿ ಅಜ್ಜಿ ಇದ್ದಾರೆ, ಅವರ ಮಡಿಲಿನಷ್ಟು ದೊಡ್ಡ ಆಸರೆ ಬೇರೊಂದಿಲ್ಲ. ಆದರೆ ಹೊಲಕ್ಕೆ ಹೋಗುವ, ಸ್ವತಃ ಬಿಪಿ ಸಕ್ಕರೆಯ ಮಾತ್ರೆ ನುಂಗುವ ಅಜ್ಜಿಯ ಮೇಲೆ ಎರಡು ವರ್ಷದ ಹೊಣೆ ಹೊರಿಸಿ, ಅದು ತಾನಾಗಿ ನಡೆಯುತ್ತದೆ ಎಂದು ಸರ್ಕಾರ ಭಾವಿಸಬಹುದೇ? ಇನ್ನು ಯಾದಗಿರಿ, ರಾಯಚೂರು ಕಡೆಯಿಂದ ಬಂದು ಬೆಂಗಳೂರಿನ ಕಟ್ಟಡಗಳ ಪಕ್ಕ ತಗಡಿನ ಶೆಡ್ಡಿನಲ್ಲಿರುವ ಕುಟುಂಬದ ಅಜ್ಜಿ ಇರುವುದು ನಾನೂರು ಕಿಲೋಮೀಟರು ದೂರದಲ್ಲಿ. ಅಲ್ಲಿ ಒಂದು ಮಗು ಅಡ್ಮಿಟ್ ಆದರೆ ಇನ್ನೊಂದು ಮಗು ತಂದೆಯ ಜೊತೆ ಸೆಂಟ್ರಿಂಗ್ ಕೆಲಸದ ಜಾಗಕ್ಕೆ ಹೋಗುತ್ತದೆ, ಇಲ್ಲವೇ ಶೆಡ್ಡಿನಲ್ಲಿ ಒಂಟಿಯಾಗಿ ಉಳಿಯುತ್ತದೆ. ಕೂಡು ಕುಟುಂಬವನ್ನು ನೆನೆದು ನೀತಿ ರೂಪಿಸುವವರು ಅದು ಇಲ್ಲದ ಮನೆಗಳನ್ನು ಕೈಬಿಟ್ಟಂತಾಯಿತು.

ಮೂರನೆಯ ವಿಚಾರ ಹೆಚ್ಚು ಸೂಕ್ಷ್ಮವಾದದ್ದು. 'ಚಿಕ್ಕ ಮಕ್ಕಳಿಗೆ ಇದೆಲ್ಲ ಗೊತ್ತಾಗುವುದಿಲ್ಲ, ಹೇಳಿ ಯಾಕೆ ಹೆದರಿಸಬೇಕು' ಎಂಬ ನಂಬಿಕೆ. ಮಾನವಶಾಸ್ತ್ರಜ್ಞೆ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲ್ಯುಕೇಮಿಯಾ ಇದ್ದ ಪುಟ್ಟ ಮಕ್ಕಳು ಯಾರೂ ಹೇಳದಿದ್ದರೂ ತಮ್ಮ ಸ್ಥಿತಿಯನ್ನು ಹಂತಹಂತವಾಗಿ ಅರಿತುಕೊಂಡಿದ್ದನ್ನು ದಾಖಲಿಸಿದರು. ಮಕ್ಕಳಿಗೆ ಗೊತ್ತಿತ್ತು, ದೊಡ್ಡವರಿಗೂ ಗೊತ್ತಿತ್ತು, ಇಬ್ಬರೂ ಗೊತ್ತಿಲ್ಲದಂತೆ ನಡೆದುಕೊಳ್ಳುತ್ತಿದ್ದರು. ಮುಂದೆ 1996ರಲ್ಲಿ ಅವರು ದೀರ್ಘ ಕಾಯಿಲೆಯ ಮಕ್ಕಳ ಒಡಹುಟ್ಟಿದವರ ಬಗ್ಗೆಯೂ ಒಂದು ಪುಸ್ತಕ ಬರೆದರು. ಮನೆಯಲ್ಲಿ ಏನೋ ಆಗಿದೆ ಎಂದು ಮಗುವಿಗೆ ತಿಳಿಯುವುದು ದೊಡ್ಡವರ ಪಿಸುಮಾತಿನಿಂದ, ತಟ್ಟನೆ ನಿಲ್ಲಿಸಿದ ಮಾತಿನಿಂದ, ಅಪ್ಪ ಮಾರಿದ ಎಮ್ಮೆಯಿಂದ, ಅಮ್ಮನ ಕಿವಿಯಲ್ಲಿ ಇಲ್ಲವಾದ ಓಲೆಯಿಂದ. ತಿಳಿಯದೇ ಉಳಿಯುವುದು ಕಾರಣ ಮಾತ್ರ. ಆ ಖಾಲಿ ಜಾಗವನ್ನು ಮಗು ತನ್ನದೇ ಕಲ್ಪನೆಯಿಂದ ತುಂಬಿಕೊಳ್ಳುತ್ತದೆ: ನಾನು ಜಗಳದಲ್ಲಿ ತಳ್ಳಿದ್ದಕ್ಕೇ ಅವನಿಗೆ ಹೀಗಾಯಿತು, ನೀನು ಸತ್ತು ಹೋಗು ಅಂದಿದ್ದೆ, ಅದಕ್ಕೇ ಆಯಿತು, ನಾಳೆ ನನಗೂ ಆಗುತ್ತದೆ. ಆರೇಳು ವರ್ಷದ ಮಕ್ಕಳು ತಮ್ಮ ಮನಸ್ಸಿನ ಮಾತೇ ಘಟನೆಗೆ ಕಾರಣ ಎಂದು ಸುಲಭವಾಗಿ ನಂಬುತ್ತಾರೆ. 'ಇದು ನಿನ್ನಿಂದ ಆದದ್ದಲ್ಲ, ನಿನಗೆ ಅಂಟುವುದೂ ಇಲ್ಲ' ಎಂಬ ಎರಡು ಮಾತನ್ನು ಒಬ್ಬ ಡಾಕ್ಟರು ಆ ಮಗುವಿನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರೆ ಇಳಿಯುವ ಭಾರ ಸಣ್ಣದಲ್ಲ. ಅಂಟುವ ಕಾಯಿಲೆಯಾದರೆ ಅದನ್ನೂ ನೇರವಾಗಿಯೇ ಹೇಳಬಹುದು, ಏನು ಜಾಗ್ರತೆ ಎಂದು ಕಲಿಸಬಹುದು.

ಇಲ್ಲಿ ಪ್ರಾಮಾಣಿಕವಾದ ಪ್ರತಿವಾದವೊಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಕ್ಯಾನ್ಸರ್ ಬಂದ ಮಕ್ಕಳ ಒಡಹುಟ್ಟಿದವರ ಬಗ್ಗೆ ನಡೆದ ಸಂಶೋಧನೆಗಳನ್ನು ಒಟ್ಟಾಗಿ ನೋಡಿದರೆ, ಹೆಚ್ಚಿನವರು ಖಿನ್ನತೆ, ಆತಂಕದ ಕಾಯಿಲೆಗೆ ಬೀಳುವುದಿಲ್ಲ. ಎಷ್ಟೋ ಮಕ್ಕಳು ಹೆಚ್ಚು ಕರುಣೆ, ಹೆಚ್ಚು ಜವಾಬ್ದಾರಿ ಕಲಿಯುತ್ತಾರೆ. ಹಾಗಿದ್ದ ಮೇಲೆ ಈ ಗದ್ದಲ ಏಕೆ? ಏಕೆಂದರೆ ಅವೇ ಸಂಶೋಧನೆಗಳು ಇನ್ನೊಂದು ಸಂಗತಿಯನ್ನೂ ಹೇಳುತ್ತವೆ: ಆಘಾತದ ಲಕ್ಷಣಗಳಿಂದ ನರಳುವ, ಓದಿನಲ್ಲಿ ಹಿಂದೆ ಬೀಳುವ ಮಕ್ಕಳ ಗುಂಪೊಂದು ಅವರ ನಡುವೆಯೇ ಇದೆ. ಕೇಳದೆ ಹೋದರೆ ಆ ಗುಂಪಿನವರು ಯಾರೆಂದು ತಿಳಿಯುವುದಿಲ್ಲ, ಏಕೆಂದರೆ ಮೇಲುನೋಟಕ್ಕೆ ಅವರೂ ಜಾಣ ಮಕ್ಕಳೇ. 2015ರಲ್ಲಿ ಮಕ್ಕಳ ಕ್ಯಾನ್ಸರ್ ಆರೈಕೆಗೆ ಅಂತರರಾಷ್ಟ್ರೀಯ ತಜ್ಞರು ರೂಪಿಸಿದ 15 ಮನೋಸಾಮಾಜಿಕ ಮಾನದಂಡಗಳಲ್ಲಿ ಒಡಹುಟ್ಟಿದವರಿಗೆ ಬೆಂಬಲವೂ ಒಂದಾಗಿ ಸೇರಿತು. ಎಲ್ಲ ಮಕ್ಕಳೂ ಮುರಿದುಬೀಳುತ್ತಾರೆ ಎಂದು ಆ ಮಾನದಂಡ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಮೈ ಕೊಡವಿಕೊಂಡು ಎದ್ದು ನಿಲ್ಲುವ ಮಗುವಿಗೂ ಯಾರಾದರೂ ಕೈ ಚಾಚಬೇಕು ಎಂಬುದಷ್ಟೇ ಮಾತು.

ಅಸ್ಥಿಮಜ್ಜೆ ಕಸಿಯ ವಿಷಯಕ್ಕೆ ಬಂದಾಗ ಈ ನಿರ್ಲಕ್ಷ್ಯ ತೀರಾ ಎದ್ದು ಕಾಣುತ್ತದೆ. ಥಲಸ್ಸೇಮಿಯಾ ಇರುವ ಮಗುವಿಗೆ ಒಡಹುಟ್ಟಿದವರ ಮಜ್ಜೆ ಹೊಂದಿಕೆಯಾದರೆ ಅದೇ ಅತ್ಯುತ್ತಮ ದಾರಿ. ಪ್ರತಿಯೊಬ್ಬ ಒಡಹುಟ್ಟಿದವರ ಮಜ್ಜೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕೋಲ್ ಇಂಡಿಯಾದ ನೆರವಿನಿಂದ 2017ರಿಂದ ನಡೆಯುತ್ತಿರುವ ಯೋಜನೆಯಲ್ಲಿ ಇಂಥ ಕಸಿಗೆ ಹತ್ತು ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಬಹಳ ಒಳ್ಳೆಯ ಕೆಲಸ. ಆದರೆ ಆರು ವರ್ಷದ ತಂಗಿಗೆ ಅರಿವಳಿಕೆ ಕೊಟ್ಟು, ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆಯುವ ದಿನದವರೆಗೆ ಎಲ್ಲರ ಕಣ್ಣೂ ಅವಳ ಮೇಲೆ; ಮಜ್ಜೆ ಚೀಲಕ್ಕೆ ಬಂದ ಮರುದಿನದಿಂದ ಎಲ್ಲರ ಕಣ್ಣೂ ಅಣ್ಣನ ಮೇಲೆ. ಕಸಿ ಫಲಿಸದೆ ಹೋದರೆ ಆ ಸೋಲನ್ನು ಅವಳು ತನ್ನ ದೇಹದ ಸೋಲೆಂದು ಹೊತ್ತುಕೊಳ್ಳಬಹುದು. ಹೊಂದಿಕೆಯಾಗದೆ ಪಕ್ಕಕ್ಕೆ ಸರಿದ ಇನ್ನೊಬ್ಬ ಅಣ್ಣನೂ ಮನೆಯಲ್ಲಿದ್ದಾನೆ. ಇವರಿಬ್ಬರ ಜೊತೆ ಮೊದಲೂ ಆಮೇಲೂ ಮಾತಾಡುವುದು ಯಾರ ಕೆಲಸ ಎಂದು ಕಸಿಯ ಫೈಲಿನಲ್ಲಿ ಬರೆದಿರಬೇಕು.

ಮಕ್ಕಳ ಮನಸ್ಸಿನ ಮಾತೆಲ್ಲ ಆಮೇಲೆ, ಜೀವ ಉಳಿಸುವುದು ಮುಖ್ಯ ಎನ್ನುವ ವೈದ್ಯರಿಗೆ ಅವರದೇ ಕ್ಷೇತ್ರದಿಂದ ಎರಡು ಸಾಕ್ಷಿ ಕೊಡುತ್ತೇನೆ. ಮೊದಲನೆಯದು ಕಾಂಗರೂ ಆರೈಕೆ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿದಂತೆ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ತೀರಾ ಕಡಿಮೆ ತೂಕದ ಶಿಶುಗಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕಟ್ಟಿದಾಗ, ಮೊದಲ 28 ದಿನಗಳ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿಯಿತು. ಅದಕ್ಕಾಗಿ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲೇ (ಎನ್‌ಐಸಿಯು) ತಾಯಿಗೆ ಹಾಸಿಗೆ ಕೊಟ್ಟರು; ಶಿಶು ಹೀಗೆ ಎದೆಗೊರಗಿ ಇದ್ದದ್ದು ದಿನಕ್ಕೆ ಸುಮಾರು 17 ಗಂಟೆ. ತಾಯಿಯ ಇರವು ಔಷಧಿಯೇ ಎಂದು ಇದಕ್ಕಿಂತ ಸ್ಪಷ್ಟವಾಗಿ ಸಾಬೀತಾಗುವುದು ಕಷ್ಟ. ಹಾಗಾದರೆ ಆ 17 ಗಂಟೆ ಮನೆಯಲ್ಲಿರುವ ಮೂರು ವರ್ಷದ ಅಕ್ಕನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದೂ ವೈದ್ಯಕೀಯ ಪ್ರಶ್ನೆಯೇ. ಅದಕ್ಕೆ ಉತ್ತರವಿಲ್ಲದ ತಾಯಿ ಎದೆಯಿಂದ ಶಿಶುವನ್ನು ಬೇಗ ಇಳಿಸುತ್ತಾಳೆ, ಬೇಗ ಡಿಸ್ಚಾರ್ಜ್ ಕೇಳುತ್ತಾಳೆ.

ಎರಡನೆಯದು ನಮ್ಮ ಪೌಷ್ಟಿಕ ಪುನಶ್ಚೇತನ ಕೇಂದ್ರಗಳು. ತೀವ್ರ ಅಪೌಷ್ಟಿಕತೆಯ ಮಗುವನ್ನು ತಾಯಿಯ ಜೊತೆ ಸುಮಾರು ಎರಡು ವಾರ ಉಳಿಸಿಕೊಂಡು ಆಹಾರ, ಔಷಧಿ ಕೊಡುವ ಈ ಕೇಂದ್ರಗಳಲ್ಲಿ ತಾಯಿ ಕಳೆದುಕೊಂಡ ಕೂಲಿಗೆ ಸರ್ಕಾರವೇ ಪರಿಹಾರ ಕೊಡುತ್ತದೆ. ಈ ತತ್ವ ಬಹಳ ಮುಖ್ಯ: ತಾಯಿಯ ಸಮಯಕ್ಕೆ ಬೆಲೆಯಿದೆ ಎಂದು ಸರ್ಕಾರ ಇಲ್ಲಿ ಒಪ್ಪಿಕೊಂಡಿದೆ. ಆದರೂ ತಾಯಂದಿರು ಬರಲು ಒಪ್ಪುವುದಿಲ್ಲ, ಬಂದವರು ಅವಧಿಗೆ ಮುಂಚೆ ಹೊರಡುತ್ತಾರೆ. ಕಾರಣ ಕೇಳಿದರೆ ಅಂಗನವಾಡಿ ಕಾರ್ಯಕರ್ತೆಯರಿಗೆ ಬಾಯಿಪಾಠವಾಗಿರುವ ಉತ್ತರ ಒಂದೇ: ಮನೆಯಲ್ಲಿ ಇನ್ನೂ ಮಕ್ಕಳಿದ್ದಾವೆ. ಅರ್ಧಕ್ಕೆ ನಿಂತ ಆ ಚಿಕಿತ್ಸೆಗೆ ಫೈಲಿನಲ್ಲಿ ತಾಯಿಯ ಅಜ್ಞಾನ ಕಾರಣವೆಂದು ದಾಖಲಾಗುತ್ತದೆ. ಇದು ಅನ್ಯಾಯ. ಇಬ್ಬರು ಮಕ್ಕಳ ನಡುವೆ ಒಬ್ಬರನ್ನು ಆರಿಸು ಎಂದು ಅವಳನ್ನು ನಿಲ್ಲಿಸಿದವರು ನಾವು.

ಇನ್ನು ಗೇಟಿನ ಬೋರ್ಡು. ಚಿಕ್ಕ ಮಕ್ಕಳಿಗೆ ಪ್ರವೇಶವಿಲ್ಲ ಎಂಬ ನಿಯಮಕ್ಕೆ ಸೋಂಕಿನ ಕಾರಣ ಕೊಡುತ್ತಾರೆ. ಕೀಮೊ ಪಡೆಯುತ್ತಿರುವ ಮಗುವಿಗೆ ಸೀತಾಳೆ ಸಿಡುಬು ತಗುಲಿದರೆ ಪ್ರಾಣಕ್ಕೇ ಕುತ್ತು, ಈ ಭಯ ನ್ಯಾಯವಾದದ್ದು. ಆದರೆ ಸೋಂಕು ವಯಸ್ಸು ನೋಡಿ ಬರುವುದಿಲ್ಲ; ಕೆಮ್ಮುತ್ತಿರುವ ಮಾವನಿಗೆ ಪಾಸು ಸಿಗುತ್ತದೆ, ಆರೋಗ್ಯವಾಗಿರುವ ಅಕ್ಕನಿಗೆ ಸಿಗುವುದಿಲ್ಲ. ಜ್ವರ, ಕೆಮ್ಮು, ಮೈಮೇಲಿನ ಗುಳ್ಳೆ ಇವೆಯೇ ಎಂದು ನೋಡಿ, ಲಸಿಕೆ ಆಗಿದೆಯೇ ಎಂದು ಕೇಳಿ, ಕೈ ತೊಳೆಸಿ ಒಳಗೆ ಬಿಡುವ ಪದ್ಧತಿ ಬೇರೆ ದೇಶಗಳ ಎನ್‌ಐಸಿಯುಗಳಲ್ಲೂ ದಶಕಗಳಿಂದ ನಡೆದಿದೆ. ಒಳಗೆ ಬಿಡಲೇಬಾರದ ಸಂದರ್ಭವಿದ್ದರೆ ವಾರ್ಡಿನ ಹೊರಗೊಂದು ಕೋಣೆ, ಅದೂ ಆಗದಿದ್ದರೆ ಸಿಸ್ಟರ್ ಪಕ್ಕ ನಿಂತು ಮಾಡಿಸುವ ವೀಡಿಯೊ ಕರೆ. ನಮ್ಮ ನಿಯಮಕ್ಕೆ ಸೋಂಕಿಗಿಂತ ಜನಸಂದಣಿಯ ಭಯವೇ ದೊಡ್ಡದು. ಹಾಗಿದ್ದರೆ ಹಾಗೆಂದೇ ಒಪ್ಪಿಕೊಂಡು, ವಾರಕ್ಕೆ ಎರಡು ದಿನ ಒಂದೊಂದು ಗಂಟೆ ಒಡಹುಟ್ಟಿದವರಿಗೆಂದೇ ಮೀಸಲಿಡಲಿ.

ಮೊದಲು ಡಾಕ್ಟರು, ಹಾಸಿಗೆ, ಔಷಧಿ ಇರಲಿ, ಇದೆಲ್ಲ ಆಮೇಲೆ ಎಂಬುದು ಕೊನೆಯ ಪ್ರತಿವಾದ. ಸಂಪನ್ಮೂಲದ ಕೊರತೆ ನಿಜ. ಆದರೆ ಬೇಕಾದದ್ದರಲ್ಲಿ ಬಹುಪಾಲು ನಮ್ಮಲ್ಲಿ ಈಗಾಗಲೇ ಇದೆ, ಒಂದಕ್ಕೊಂದು ಜೋಡಿಸಿಲ್ಲ ಅಷ್ಟೆ. ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ ಇದ್ದಾರೆ, ಅಂಗನವಾಡಿ ಇದೆ, ಶಾಲೆಯಲ್ಲಿ ಮುಖ್ಯೋಪಾಧ್ಯಾಯರಿದ್ದಾರೆ. ದೊಡ್ಡ ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರ ಹುದ್ದೆ ಇದೆ. ಅವರ ದಿನವೆಲ್ಲ ಆಯುಷ್ಮಾನ್ ಕಾರ್ಡಿನ ಕಾಗದಪತ್ರದಲ್ಲೇ ಮುಗಿಯುತ್ತದೆ. ಮಗು ಅಡ್ಮಿಟ್ ಆದ ದಿನ ಅವರು ಮೂರು ಫೋನ್ ಮಾಡಿದರೆ ಸಾಕು, ಮನೆಯಲ್ಲುಳಿದ ಮಗುವಿನ ಸುತ್ತ ಒಂದು ಕಾವಲು ಏರ್ಪಡುತ್ತದೆ. ಆಶಾ ವಾರಕ್ಕೊಮ್ಮೆ ಮನೆಗೆ ಹೋಗಿ ಬರುತ್ತಾರೆ, ಮೇಷ್ಟ್ರು ಹಾಜರಿ ನೋಡಿ ಹುಡುಗಿ ರೊಟ್ಟಿ ಬಡಿಯಲು ನಿಂತಿಲ್ಲ ಎಂದು ಖಚಿತ ಮಾಡಿಕೊಳ್ಳುತ್ತಾರೆ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಿಗೆಂದು ಘೋಷಿಸಿದ 'ಕೂಸಿನ ಮನೆ' ಶಿಶುಪಾಲನಾ ಕೇಂದ್ರ ಜಿಲ್ಲಾ ಆಸ್ಪತ್ರೆಯ ಆವರಣದಲ್ಲೂ ಏಕೆ ಇರಬಾರದು? 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ನಡೆಸಬೇಕೆಂದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯೇ ಹೇಳಿತ್ತು. ಸಿಬ್ಬಂದಿಯ ಮಕ್ಕಳಿಗೆ ತೆರೆದ ಬಾಗಿಲನ್ನು ರೋಗಿಯ ತಂಗಿಗೂ ತೆರೆಯಬಹುದು. ಕೂಲಿ ಪರಿಹಾರದ ತತ್ವವನ್ನು ಕ್ಯಾನ್ಸರ್, ಹೃದಯದ ಕಾಯಿಲೆಗಳಿಗೂ ವಿಸ್ತರಿಸಬಹುದು.

ಏರ್ಪಾಡು ಒಂದಿದ್ದರೆ ಕುಟುಂಬ ಅದನ್ನು ಹೇಗೆ ಬಳಸಿಕೊಳ್ಳುತ್ತದೆ ಎಂಬುದಕ್ಕೆ ಶಕ್ತಿ ಯೋಜನೆ ಸಾಕ್ಷಿ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಾದ ಮೇಲೆ, ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಬಂದು ತಾಯಿ ಮಗಳನ್ನು ಒಂದು ಗಂಟೆ ಜೊತೆಗಿರಿಸಿ ಹೋಗುವುದು ಸಾಧ್ಯವಾಯಿತು. ಆ ಯೋಜನೆ ಮಾಡಿದವರ ಮನಸ್ಸಿನಲ್ಲಿ ಮಕ್ಕಳ ವಾರ್ಡು ಇರಲಿಲ್ಲ. ದೂರದ ಊರುಗಳ ಸ್ಲೀಪರ್ ಬಸ್ಸಿಗೆ, ತಂದೆಗೆ, ದೊಡ್ಡ ಗಂಡುಮಗನಿಗೆ ಅದು ಅನ್ವಯಿಸುವುದೂ ಇಲ್ಲ. ಆದರೂ ಬಸ್‌ಚಾರ್ಜೊಂದು ಇಳಿದದ್ದಕ್ಕೇ ಇಷ್ಟಾದರೆ, ಯೋಚಿಸಿ ಮಾಡಿದ ಏರ್ಪಾಡಿನಿಂದ ಎಷ್ಟಾಗಬಹುದು?

ಖಾಸಗಿ ಆಸ್ಪತ್ರೆಗಳ ಬಗ್ಗೆಯೂ ಒಂದು ಮಾತು. ಅಲ್ಲಿ ಕುಟುಂಬ-ಕೇಂದ್ರಿತ ಆರೈಕೆಯ ಫಲಕವಿದೆ, ಗೋಡೆಗೆ ಕಾರ್ಟೂನ್ ಚಿತ್ರಗಳಿವೆ, ಹಬ್ಬದ ದಿನ ವಾರ್ಡಿನಲ್ಲಿ ಕೇಕ್ ಹಂಚುತ್ತಾರೆ. ಆ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಐಸಿಯು ಹೊರಗೆ ಕುಳಿತ ತಂದೆತಾಯಿಗೆ ದಿನಕ್ಕೆ ಎರಡು ಸಲ, ಐದು ನಿಮಿಷ ಕೌನ್ಸೆಲಿಂಗ್ ಎಂಬ ಹೆಸರಿನಲ್ಲಿ ನಡೆಯುವುದು ಬಹುತೇಕ ಬಿಲ್ಲಿನ ಮಾತು. ರೋಗಿಯ ಮನೆಯವರಿಗೆ ಆರೈಕೆ ಕಲಿಸುವ ನೂರಾ ಹೆಲ್ತ್‌ನಂಥ ಸಂಸ್ಥೆಗಳ ಕೆಲಸ ಇದಕ್ಕಿಂತ ಎಷ್ಟೋ ಮೇಲು. ಮನೆಯವರನ್ನು ಅವು ತಿಳಿವಳಿಕೆಯುಳ್ಳವರೆಂದು ನಡೆಸಿಕೊಳ್ಳುತ್ತವೆ. ನನ್ನ ಒಂದೇ ಅಸಮಾಧಾನವೆಂದರೆ, ಕಲಿಸಿದಷ್ಟೂ ಮನೆಯವರ ಕೆಲಸದ ಪಟ್ಟಿ ಬೆಳೆಯುತ್ತದೆ. ಅವರ ತಲೆಯಿಂದ ಯಾವ ಕೆಲಸ ಇಳಿಸಬೇಕು ಎಂಬ ಪಟ್ಟಿಯನ್ನೂ ಅದರ ಪಕ್ಕದಲ್ಲೇ ಬರೆಯಬೇಕು.

ಸರ್ಕಾರಿ ಆಸ್ಪತ್ರೆಗಳು ಮಕ್ಕಳಸ್ನೇಹಿಯಾಗಲಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2021ರಲ್ಲಿ 'ಮುಸ್ಕಾನ್' ಎಂಬ ಗುಣಮಟ್ಟದ ಕಾರ್ಯಕ್ರಮ ತಂದಿದೆ. ವಾರ್ಡು, ಶಿಶು ಘಟಕ, ಪೌಷ್ಟಿಕ ಕೇಂದ್ರಗಳನ್ನು ಅದರಡಿ ಅಂಕ ಕೊಟ್ಟು ಅಳೆಯುತ್ತಾರೆ. ಅಳೆಯುವುದಿದ್ದರೆ ಇದನ್ನೂ ಅಳೆಯಲಿ. ಅಡ್ಮಿಷನ್ ಫಾರ್ಮಿನಲ್ಲಿ ತಂದೆಯ ಹೆಸರು, ಆಧಾರ್, ರೇಷನ್ ಕಾರ್ಡಿನ ಸಂಖ್ಯೆಯ ಜೊತೆ ಎರಡು ಪ್ರಶ್ನೆ ಸೇರಲಿ: ಮನೆಯಲ್ಲಿ ಬೇರೆ ಮಕ್ಕಳಿದ್ದಾರೆಯೇ? ಈಗ ಅವರನ್ನು ಯಾರು ನೋಡಿಕೊಳ್ಳುತ್ತಿದ್ದಾರೆ? ಎರಡನೆಯ ಪ್ರಶ್ನೆಗೆ 'ಯಾರೂ ಇಲ್ಲ' ಎಂಬ ಉತ್ತರ ಬಂದರೆ ಆ ದಿನವೇ ಮಾಡಬೇಕಾದದ್ದೇನು, ಮಾಡಬೇಕಾದವರು ಯಾರು ಎಂದು ಅದರ ಕೆಳಗೇ ಮುದ್ರಿಸಿರಲಿ. ಅದು ಆಗುವವರೆಗೆ ನಮ್ಮ ಕುಟುಂಬಗಳ ಶಕ್ತಿಯ ಬಗ್ಗೆ ಭಾಷಣ ಮಾಡುವ ಹಕ್ಕು ಆಸ್ಪತ್ರೆಗಳಿಗೂ ಇಲ್ಲ, ಸರ್ಕಾರಕ್ಕೂ ಇಲ್ಲ.